ಕಾಕ್‌ಪಿಟ್‌ನಲ್ಲಿ ಕಿರಿಯರ ಮಾತು

ಎಂಜಿನ್ ಕೆಟ್ಟಿರಲಿಲ್ಲ, ಹವಾಮಾನವೂ ಚೆನ್ನಾಗಿತ್ತು. ಆದರೂ 1978ರ ಡಿಸೆಂಬರ್ 28ರ ಸಂಜೆ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ವಿಮಾನವೊಂದು ಅಮೆರಿಕದ ಪೋರ್ಟ್‌ಲೆಂಡ್ ನಗರದ ಅಂಚಿನಲ್ಲಿ ಮರಗಳ ಮೇಲೆ ಬಿತ್ತು. ಕಾರಣ ಕೇಳಿದರೆ ಯಾರೂ ನಂಬಲಾರರು: ಇಂಧನ ಮುಗಿದಿತ್ತು! ವಿಮಾನದಲ್ಲಿದ್ದ 189 ಜನರಲ್ಲಿ 10 ಮಂದಿ ಸತ್ತರು. ಇಂಧನವಿಲ್ಲದ್ದರಿಂದ ಬೆಂಕಿ ಹೊತ್ತಲಿಲ್ಲ. ಉಳಿದವರ ಪಾಲಿಗೆ ಅದೇ ವರವಾಯಿತು.

ನಡೆದದ್ದು ಇಷ್ಟು. ಇಳಿಯುವ ಮುನ್ನ ಚಕ್ರಗಳನ್ನು ಕೆಳಗಿಳಿಸಿದಾಗ ದಡಾರನೆ ಸದ್ದಾಯಿತು. ಚಕ್ರ ಸರಿಯಾಗಿ ಕೂತಿದೆಯೆಂದು ತಿಳಿಸುವ ದೀಪ ಹತ್ತಲಿಲ್ಲ. ಅದನ್ನು ಪರೀಕ್ಷಿಸುತ್ತಾ, ಪ್ರಯಾಣಿಕರನ್ನು ತುರ್ತು ಇಳಿಕೆಗೆ ಸಿದ್ಧಪಡಿಸುತ್ತಾ ಕ್ಯಾಪ್ಟನ್ ಸುಮಾರು ಒಂದು ಗಂಟೆ ವಿಮಾನವನ್ನು ಸುತ್ತಿಸಿದರು. ಇನ್ನು ಹದಿನೈದು ನಿಮಿಷ ಹಾರಿದರೆ ಇಂಧನ ತೀರಾ ಕಡಿಮೆಯಾಗುತ್ತದೆಂದು ಫ್ಲೈಟ್ ಎಂಜಿನಿಯರ್ ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಆದರೆ ಈಗಲೇ ಇಳಿಸಿ ಎಂದು ಯಾರೂ ಪಟ್ಟು ಹಿಡಿಯಲಿಲ್ಲ. ಸತ್ತವರಲ್ಲಿ ಆ ಎಂಜಿನಿಯರ್ ಕೂಡ ಒಬ್ಬರು.

ತನಿಖಾಧಿಕಾರಿಗಳು ಕ್ಯಾಪ್ಟನ್‌ರನ್ನಷ್ಟೇ ದೂರಲಿಲ್ಲ. ಕಿರಿಯರಿಬ್ಬರು ತಮ್ಮ ಆತಂಕವನ್ನು ಮನವರಿಕೆಯಾಗುವಂತೆ ಹೇಳಲಿಲ್ಲವೆಂದೂ ವರದಿಯಲ್ಲಿ ಬರೆದರು. ಹಿಂದಿನ ವರ್ಷವಷ್ಟೇ ಟೆನೆರಿಫೆಯಲ್ಲಿ ಎರಡು ಜಂಬೊ ಜೆಟ್‌ಗಳು ಡಿಕ್ಕಿಯಾಗಿ 583 ಜನ ಸತ್ತಿದ್ದರು. ಅಲ್ಲಿಯೂ ರನ್‌ವೇ ತೆರವಾಗಿದೆಯೇ ಎಂಬ ಎಂಜಿನಿಯರ್‌ನ ಅನುಮಾನವನ್ನು ಹಿರಿಯ ಕ್ಯಾಪ್ಟನ್ ತಳ್ಳಿಹಾಕಿದ್ದರು. ಹಿರಿಯರಿಗೆ ಎದುರಾಡಬಾರದೆಂಬುದು ನಮ್ಮ ಮನೆಗಳ ಮಾತು ಮಾತ್ರವಲ್ಲ. ಅಂದಿನ ಕಾಕ್‌ಪಿಟ್‌ನಲ್ಲೂ ಅದೇ ರೂಢಿ.

1979ರಲ್ಲಿ ನಾಸಾ ಈ ಕುರಿತು ತಜ್ಞರ ಸಭೆ ನಡೆಸಿತು. 1981ರಲ್ಲಿ ಯುನೈಟೆಡ್ ತನ್ನ ಪೈಲಟ್‌ಗಳಿಗೆ ಹೊಸ ಬಗೆಯ ತರಬೇತಿ ಆರಂಭಿಸಿತು. ವಿಮಾನ ಹಾರಿಸುವುದನ್ನಲ್ಲ, ಕೇಳುವುದನ್ನೂ ಹೇಳುವುದನ್ನೂ ಕಲಿಸುವ ಪಾಠ ಅದು. ಸಿಮ್ಯುಲೇಟರ್‌ನಲ್ಲಿ ಇಡೀ ತಂಡಕ್ಕೆ ಒಂದು ಸಂಕಟ ಒಡ್ಡಲಾಗುತ್ತಿತ್ತು. ಬಳಿಕ ಯಾರು ಹೇಗೆ ವರ್ತಿಸಿದರೆಂಬ ಚರ್ಚೆ. ಕೆಲವು ಪೈಲಟ್‌ಗಳು ಇದನ್ನು ನಯವಿನಯದ ಪಾಠಶಾಲೆಯೆಂದು ಗೇಲಿ ಮಾಡಿದರು. ಮೂವತ್ತು ವರ್ಷ ಹಾರಿದವನಿಗೆ ಮಾತನಾಡಲು ಕಲಿಸಿದರೆ ಕೋಪ ಬರುವುದು ಸಹಜವೇ.

ಗೇಲಿಗೆ ಉತ್ತರ ಸಿಕ್ಕಿದ್ದು 1989ರ ಜುಲೈ 19ರಂದು. ಇದೇ ಸಂಸ್ಥೆಯ ಡಿಸಿ-10 ವಿಮಾನದ ಬಾಲದ ಎಂಜಿನ್ ಒಡೆದು, ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಸತ್ತವು. ಸ್ಟಿಯರಿಂಗ್ ಇಲ್ಲದ ಬಸ್ಸಿನ ಸ್ಥಿತಿ. ಕ್ಯಾಪ್ಟನ್ ಅಲ್ ಹೇನ್ಸ್ ತಮಗೆ ಎಲ್ಲ ಗೊತ್ತೆಂದು ಹಟ ಹಿಡಿಯಲಿಲ್ಲ. ಪ್ರಯಾಣಿಕರಾಗಿ ಕುಳಿತಿದ್ದ ತರಬೇತುದಾರ ಪೈಲಟ್ ಡೆನಿ ಫಿಚ್ ನೆರವಿಗೆ ಬಂದಾಗ ಒಪ್ಪಿಕೊಂಡರು. ಉಳಿದೆರಡು ಎಂಜಿನ್‌ಗಳ ವೇಗವನ್ನು ಹೆಚ್ಚುಕಡಿಮೆ ಮಾಡುತ್ತಲೇ ನಾಲ್ವರೂ ಸೇರಿ ವಿಮಾನವನ್ನು ಸೂ ಸಿಟಿಯ ರನ್‌ವೇಗೆ ತಂದರು. 112 ಜನ ಸತ್ತರು, 184 ಮಂದಿ ಬದುಕಿದರು. ಆ ತರಬೇತಿ ಇಲ್ಲದಿದ್ದರೆ ಅಷ್ಟೂ ಜನ ಉಳಿಯುತ್ತಿರಲಿಲ್ಲವೆಂದು ಹೇನ್ಸ್ ಮುಂದೆ ಹಲವು ಭಾಷಣಗಳಲ್ಲಿ ಹೇಳಿದರು.

ಹಾಗೆಂದು ಯುನೈಟೆಡ್‌ಗೆ ಪೂರ್ಣ ಅಂಕ ಕೊಡುವಂತಿಲ್ಲ. ಎಂಜಿನ್‌ನ ಒಡೆದ ಚಕ್ರದಲ್ಲಿದ್ದ ಬಿರುಕು ಅದೇ ಸಂಸ್ಥೆಯ ತಪಾಸಣೆಯಲ್ಲಿ ಕಣ್ತಪ್ಪಿತ್ತು.

ಈ ತರಬೇತಿ ಮುಂದೆ ಜಗತ್ತಿನ ವಿಮಾನಯಾನ ಸಂಸ್ಥೆಗಳಿಗೆಲ್ಲ ಹಬ್ಬಿತು, ಭಾರತಕ್ಕೂ ಬಂತು. ಆದರೆ ಕಿರಿಯ ಪೈಲಟ್ ಎಚ್ಚರಿಕೆ ಕೊಟ್ಟ ಮೇಲೂ ಹಿರಿಯರು ಕೇಳದಿದ್ದರೆ? 2010ರ ಮೇ 22ರಂದು ಮಂಗಳೂರಿನಲ್ಲಿ ಆದದ್ದು ಅದೇ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಬದುಕಿದವರು ಎಂಟೇ ಮಂದಿ. ಪ್ರಯಾಣದ ಬಹುಪಾಲು ನಿದ್ರಿಸಿದ್ದ ಕ್ಯಾಪ್ಟನ್‌ಗೆ, ಇಳಿಸದೆ ಮತ್ತೆ ಮೇಲೇರಿ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರು. ಆದರೆ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಹಾಗೆ ಮಾಡುವ ಅಧಿಕಾರದ ಬಗ್ಗೆ ನಿಯಮಗಳಲ್ಲೇ ಸ್ಪಷ್ಟತೆ ಇರಲಿಲ್ಲ. ಬಹುಶಃ ಅದೇ ಅವರನ್ನು ತಡೆದಿರಬೇಕು ಎಂದು ತನಿಖಾ ವರದಿ ಹೇಳಿತು.