ಟಿಪ್ಪುವಿನ ದೂತರು ಕಂಡ ದಿವಾಳಿ ದರ್ಬಾರು

1788ರ ಆಗಸ್ಟ್ 10. ಟಿಪ್ಪು ಸುಲ್ತಾನ್ ಕಳಿಸಿದ್ದ ಮೂವರು ದೂತರು ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ದೊರೆ 16ನೇ ಲೂಯಿ ಎದುರು ನಿಂತಿದ್ರು. ಬೇಕಾಗಿದ್ದು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು. ದರ್ಬಾರಿನ ವೈಭವಕ್ಕೇನೂ ಕಮ್ಮಿ ಇರಲಿಲ್ಲ. ಆದ್ರೆ ಆರೇ ದಿನಕ್ಕೆ, ಆಗಸ್ಟ್ 16ರಂದು, ಖಜಾನೆ ಕೈಚೆಲ್ಲಿತು: ಕೊಡಬೇಕಾದ್ದನ್ನೆಲ್ಲ ನಗದಾಗಿ ಕೊಡೋಕಾಗಲ್ಲ! ದೂತರಿಗೆ ಸೈನ್ಯ ಸಿಗಲೇ ಇಲ್ಲ.

ದುಡ್ಡೆಲ್ಲಿ ಹೋಯ್ತು? ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಸಾಲ ತಂದು ಸುರಿದಿದ್ರು. 1788ರಲ್ಲಿ ಸರ್ಕಾರದ ಖರ್ಚಿನ ಸುಮಾರು ಅರ್ಧ ಸಾಲಕ್ಕೇ ಹೋಗ್ತಿತ್ತು. ನಮ್ಮ ಸಂಬಳದಲ್ಲಿ ಅರ್ಧ ಇಎಂಐಗೆ ಹೋದ ಹಾಗೆ.

ಆದ್ರೆ ಫ್ರಾನ್ಸ್ ಬಡ ದೇಶವಲ್ಲ. ಹಣ ಇದ್ದವರು ಕೊಡ್ತಿರಲಿಲ್ಲ, ಅಷ್ಟೇ. ಮುಖ್ಯ ನೇರ ತೆರಿಗೆಯಿಂದ ಪಾದ್ರಿಗಳಿಗೂ ಕುಲೀನರಿಗೂ ವಿನಾಯಿತಿ. ಹೊರೆ ರೈತನ ಮೇಲೆ. 1787ರಲ್ಲಿ ಮಂತ್ರಿ ಕಲೋನ್, ಜಮೀನು ಇರೋರೆಲ್ಲ ತೆರಿಗೆ ಕಟ್ಟಲಿ ಅಂದಾಗ ಗಣ್ಯರ ಸಭೆ ಒಪ್ಪಲಿಲ್ಲ. ಕೊನೆಗೆ 1614ರ ನಂತರ ಸೇರದೇ ಇದ್ದ ಎಸ್ಟೇಟ್ಸ್ ಜನರಲ್ ಸಭೆಯನ್ನ ಕರೀಲೇಬೇಕಾಯ್ತು. ಜನರಿಗೆ ಬಾಯಿ ಸಿಕ್ಕಿದ್ದೇ ಅಲ್ಲಿ.

ಅಷ್ಟರಲ್ಲಿ ಆಲಿಕಲ್ಲು ಮಳೆಗೆ ಬೆಳೆ ಹೋಗಿತ್ತು. 1789ರ ಜುಲೈ 14ರಂದು ಬಾಸ್ಟೀಲ್ ಬಿದ್ದಾಗ ಪ್ಯಾರಿಸ್‌ನಲ್ಲಿ ಬ್ರೆಡ್ ಬೆಲೆ ನೆತ್ತಿಗೇರಿತ್ತು.

ಆಗಸ್ಟ್ 4ರ ರಾತ್ರಿ ಕುಲೀನರೇ ಎದ್ದು ನಿಂತು ತಮ್ಮ ವಿನಾಯಿತಿ ಬಿಟ್ಟುಕೊಟ್ರು. ಎರಡು ವರ್ಷದ ಹಿಂದೆ ಅವರ ವರ್ಗ ಬೇಡ ಅಂದಿದ್ದೂ ಇದನ್ನೇ. 1793ರ ಜನವರಿ 21ಕ್ಕೆ ದೊರೆಯ ತಲೆ ಉರುಳಿತು. ಸಾಲ ಸಿಂಹಾಸನವನ್ನ ಅಲ್ಲಾಡಿಸ್ತು. ಬೀಳಿಸಿದ್ದು ಮಾತ್ರ, ಆ ಹೊರೆಗೆ ಹೆಗಲು ಕೊಡದವರ ಹಠ.