ನಮ್ಮ ಕಡೆ ತಿರುಗಿದ ಮಾನಿಟರ್

ದಾಬಸ್‌ಪೇಟೆಯ ಮೊಬೈಲ್ ಅಂಗಡಿಯಲ್ಲಿ 'ಡಿಸ್‌ಪ್ಲೇ ಹೋಗಿದೆ' ಅಂದರೆ ಸಾಮಾನ್ಯವಾಗಿ ಗಾಜು ಒಡೆದಿದೆ ಅಂತ ಅರ್ಥ. ಆದರೆ ನಮ್ಮ ಸೋಂಪುರ ಹೋಬಳಿಯ ಎಷ್ಟೋ ರೈತರು ಡಿಸ್‌ಪ್ಲೇ ನೋಡಿದ್ದು ಕೈಗೆ ಮೊಬೈಲ್ ಬರುವ ಮೊದಲೇ, ತಾಲ್ಲೂಕು ಕಚೇರಿಯ ಪಹಣಿ ಕೌಂಟರಿನಲ್ಲಿ.

ಅದಕ್ಕೂ ಮೊದಲು ಪಹಣಿ ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರು. ಹೊಲ ಯಾರ ಹೆಸರಿನಲ್ಲಿದೆ ಎಂದು ನೋಡಬೇಕಾದರೂ ಅವರು ಸಿಗುವ ತನಕ ಕಾಯಬೇಕು, ಎಷ್ಟೋ ಕಡೆ ಕೈ ಬಿಸಿ ಮಾಡಬೇಕು. 2001ರ ಹೊತ್ತಿಗೆ ಬಂದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಮುಂದೆ ನಿಂತು ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. 15 ರೂಪಾಯಿಗೆ ಪಹಣಿ ಸಿಗತೊಡಗಿತು. ಕೌಂಟರಿನಲ್ಲಿ ಎರಡು ಮಾನಿಟರ್: ಒಂದು ಸಿಬ್ಬಂದಿಗೆ, ಇನ್ನೊಂದು ರೈತನ ಕಡೆ ತಿರುಗಿಸಿಟ್ಟದ್ದು. ಒಳಗೆ ಏನು ನಡೆಯುತ್ತಿದೆ ಎಂಬುದು ಹೊರಗೆ ನಿಂತವನಿಗೂ ಕಾಣಲಿ ಎಂದು. ನಮ್ಮನ್ನು ಕೇಳಿದರೆ ಕಂಪ್ಯೂಟರಿಗಿಂತ ಈ ಎರಡನೇ ಪರದೆಯೇ ದೊಡ್ಡ ಬದಲಾವಣೆ.

ಆಗಿನವು ಹಿಂದೆ ಬೆನ್ನು ಉಬ್ಬಿದ ಸಿಆರ್‌ಟಿ ಮಾನಿಟರುಗಳು. '15 ಇಂಚು' ಎಂದರೆ ಅಗಲವಲ್ಲ, ಮೂಲೆಯಿಂದ ಮೂಲೆಗೆ ಅಳತೆ. ಅದರಲ್ಲೂ ಅಂಚು ಚೌಕಟ್ಟಿನೊಳಗೆ ಹೋಗಿ ಕಾಣುವುದು ಸುಮಾರು 14. ಚಿತ್ರ ಮೂಡುವುದು ಪಿಕ್ಸೆಲ್ ಎಂಬ ಚುಕ್ಕೆಗಳಿಂದ, ರಂಗೋಲಿಯ ಹಾಗೆ. ಅಡ್ಡ 800, ಉದ್ದ 600 ಚುಕ್ಕೆ ಇದ್ದರೆ ಒಟ್ಟು 4,80,000. ಇದನ್ನೇ ರೆಸಲ್ಯೂಷನ್ ಅನ್ನುವುದು. ಪರದೆಯನ್ನು ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಬರೆಯುತ್ತದೆ ಎಂಬುದು ರಿಫ್ರೆಶ್ ರೇಟ್. 60 ಸಲ ಬರೆದರೂ ಸಿಆರ್‌ಟಿಯಲ್ಲಿ ಕೆಲವರಿಗೆ ಮಿಣುಕು ಕಾಣುತ್ತಿತ್ತು.

ಚುಕ್ಕೆ ಕಡಿಮೆಯಾದರೆ ಪೆಟ್ಟು ಬೀಳುವುದು ಕನ್ನಡಕ್ಕೆ. ಹಳೆಯ ಪರದೆಗಳಲ್ಲಿ ಇಂಗ್ಲಿಷ್ ಅಕ್ಷರಕ್ಕೆ 8 ಅಗಲ, 16 ಎತ್ತರದ ಚುಕ್ಕೆಮನೆ ಸಾಕಿತ್ತು. 'ಲಕ್ಷ್ಮಮ್ಮ' ಬರೆಯಿರಿ ನೋಡೋಣ! ಒತ್ತುಗಳು ಕೆಳಗಿಳಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದಕ್ಕಾಗಿಯೇ ಐಐಟಿ ಕಾನ್ಪುರದಲ್ಲಿ ಶುರುವಾಗಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ತಂತ್ರಜ್ಞಾನ ಭಾರತೀಯ ಲಿಪಿಗಳನ್ನು ಪರದೆಗೆ ತಂದಿತು.

ಒತ್ತು ತಪ್ಪಿದರೆ ಹೆಸರು ತಪ್ಪು. ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಹೆಸರಿದ್ದರೆ ಬೆಳೆ ಸಾಲಕ್ಕೆ ಎಷ್ಟು ಸಲ ಅಲೆಯಬೇಕು ಎಂದು ಅಲೆದವರಿಗೇ ಗೊತ್ತು.

ಈಗ ನಿಮ್ಮ ಕೈಯ ಫೋನ್ 1080×2400 ಇದ್ದರೆ ಚುಕ್ಕೆ 25 ಲಕ್ಷ ದಾಟುತ್ತದೆ, ಆ ಮಾನಿಟರಿನ ಐದು ಪಟ್ಟು. ಆದರೂ ಪಹಣಿಯ ಅಷ್ಟೂ ಕಾಲಂ ಆರು ಇಂಚಿನಲ್ಲಿ ಕೂತರೆ ಅಕ್ಷರ ಇರುವೆಯಷ್ಟೇ. ಫೋನ್ ಅಡ್ಡ ಹಿಡಿಯಿರಿ, ಎರಡು ಬೆರಳಿನಲ್ಲಿ ಹಿಗ್ಗಿಸಿ, ಮಾಲೀಕರ ಹೆಸರಿನ ಒತ್ತು ಒಂದೊಂದಾಗಿ ಓದಿ.