ಎಣ್ಣೆಯೋ ಉಪ್ಪುನೀರೋ: ಅಮೆರಿಕದ ಟ್ಯೂನಾ ಡಬ್ಬಿಯ ಸುಂಕವನ್ನು ಕುರಿತು

ಅಮೆರಿಕದ ಸುಂಕಪಟ್ಟಿಯಲ್ಲಿ ಡಬ್ಬಿಯ ಟ್ಯೂನಾ ಮೀನಿನ ದರ ಗೊತ್ತಾಗುವುದು ಅದು ಯಾವ ದ್ರವದಲ್ಲಿ ಮುಳುಗಿದೆ ಎಂಬುದರಿಂದ. ಎಣ್ಣೆಯಲ್ಲಿದ್ದರೆ ಬೆಲೆಯ ಶೇ. 35. ಎಣ್ಣೆಯಿಲ್ಲದೆ ಸಣ್ಣ ಡಬ್ಬಿಯಲ್ಲಿ ಬಂದರೆ ವಾರ್ಷಿಕ ಕೋಟಾದೊಳಗೆ ಶೇ. 6, ಕೋಟಾ ಮೀರಿದ ಮೇಲೆ ಶೇ. 12.5. ಸರಕುಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಹಾರ್ಮೊನೈಸ್ಡ್ ಪದ್ಧತಿಯಲ್ಲಿ ಟ್ಯೂನಾಕ್ಕಿರುವ 1604.14ನೆಯ ಉಪಶೀರ್ಷಿಕೆಗೆ ಈ ಭೇದ ತಿಳಿಯದು. ಅದು ಅಮೆರಿಕವೇ ಎಳೆದುಕೊಂಡ ಗೆರೆ.

ಎಣ್ಣೆ ದುಬಾರಿ, ಆದ್ದರಿಂದ ಸುಂಕವೂ ದುಬಾರಿ ಎಂದು ಈ ಅಂತರವನ್ನು ವಿವರಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಬೆಲೆಯ ಮೇಲೆ ಶೇಕಡಾವಾರು ಹಾಕುವ ಸುಂಕಕ್ಕೆ ಈ ವಾದ ಒಗ್ಗದು. ಎಣ್ಣೆಯ ಬೆಲೆ ಡಬ್ಬಿಯ ಬೆಲೆಯಲ್ಲೇ ಸೇರಿರುವಾಗ ದರವನ್ನೂ ಏರಿಸಲು ಬೇರೆ ಕಾರಣ ಬೇಕು. ಅದನ್ನು ಅಡುಗೆಮನೆಯಲ್ಲಲ್ಲ, ಒಪ್ಪಂದಗಳಲ್ಲಿ ಹುಡುಕಬೇಕು.

ಅಮೆರಿಕದ 1930ರ ಸುಂಕ ಕಾಯಿದೆಯಲ್ಲಿ ಎಣ್ಣೆಯ ಮೀನಿಗೆ ಶೇ. 30, ಉಳಿದ ಡಬ್ಬಿ ಮೀನಿಗೆ ಶೇ. 25 ಇತ್ತು, ಅಂತರ ಬರೇ ಐದು. 1934ರಲ್ಲಿ ಎಣ್ಣೆಯ ಟ್ಯೂನಾ ಶೇ. 45ಕ್ಕೆ ಏರಿತು. 1943ರಲ್ಲಿ ಮೆಕ್ಸಿಕೊ ಜೊತೆಗಿನ ವ್ಯಾಪಾರ ಒಪ್ಪಂದ ಅದನ್ನು ಶೇ. 22.5ಕ್ಕೆ ಇಳಿಸಿತು, ಅದೇ ವರ್ಷ ಐಸ್‌ಲ್ಯಾಂಡ್ ಒಪ್ಪಂದ ಎಣ್ಣೆಯಿಲ್ಲದ ಮೀನಿನ ದರವನ್ನು ಶೇ. 12.5 ಮಾಡಿತು. ಐಸ್‌ಲ್ಯಾಂಡ್ ಟ್ಯೂನಾಕ್ಕೆ ಹೆಸರಾದ ನಾಡಲ್ಲ. ‘ಇತರೆ ಮೀನು’ ಎಂಬ ಬುಟ್ಟಿಯೊಳಗೆ ಟ್ಯೂನಾವೂ ಬಿದ್ದಿತ್ತು, ಅಷ್ಟೆ. 1950ರ ಕೊನೆಗೆ ಮೆಕ್ಸಿಕೊ ಒಪ್ಪಂದ ಮುಗಿದು ಎಣ್ಣೆಯ ಡಬ್ಬಿ ಮರಳಿ ಶೇ. 45ಕ್ಕೆ ಹೋಯಿತು; ಐಸ್‌ಲ್ಯಾಂಡಿನದು ಉಳಿಯಿತು. ಜಪಾನಿನ ರಫ್ತುದಾರರು ಎಣ್ಣೆ ಬಿಟ್ಟು ಉಪ್ಪುನೀರಿನ ಡಬ್ಬಿಗೆ ಹೊರಳಿದ್ದು ಆಗ. ಇದನ್ನು ಆಹಾರದ ಅಭಿರುಚಿ ಬದಲಾದ ಕಥೆಯಾಗಿ ಓದುವವರು ಸುಂಕಪಟ್ಟಿಯನ್ನು ತೆರೆದಂತಿಲ್ಲ. 1955ರಲ್ಲಿ ಜಪಾನಿನೊಂದಿಗಿನ ಮಾತುಕತೆಯಿಂದ ಎಣ್ಣೆಯ ದರ ಶೇ. 35 ಆಯಿತು. 1956ರಲ್ಲಿ ಉಪ್ಪುನೀರಿನ ಡಬ್ಬಿಗೆ ಕೋಟಾ ಬಂತು: ಹಿಂದಿನ ವರ್ಷದ ದೇಶೀಯ ಉತ್ಪಾದನೆಯ ಶೇ. 20 ಮೀರಿದ ಆಮದಿಗೆ ಮತ್ತೆ ಶೇ. 25.

ದರಗಳ ಕಥೆ ಇಷ್ಟೇ. ನಿಜವಾದ ತಕರಾರು ‘ಎಣ್ಣೆಯಲ್ಲಿ’ ಎಂಬ ಒಂದು ಪದದ್ದು. 1930ರ ವಾಕ್ಯದ ಒತ್ತು ಡಬ್ಬಿ ತುಂಬುವ ಕ್ರಿಯೆಯ ಮೇಲಿತ್ತು: ಎಣ್ಣೆಯಲ್ಲಿ, ಅಥವಾ ಎಣ್ಣೆ ಮತ್ತು ಇತರ ಪದಾರ್ಥಗಳಲ್ಲಿ ತುಂಬಿದ ಮೀನು. 1963ರ ಸುಂಕಪಟ್ಟಿಯ ಟಿಪ್ಪಣಿ ಎರಡು ಹೊಸ ಮಾತು ಸೇರಿಸಿತು. ಒಂದು, ‘ಸೇರಿಸಿದ’ ಎಣ್ಣೆ ಅಥವಾ ಕೊಬ್ಬು. ಆದ್ದರಿಂದ ಮೀನಿನ ಮೈಯಿಂದ ಒಸರುವ ಎಣ್ಣೆ ಲೆಕ್ಕಕ್ಕಿಲ್ಲ. ಇನ್ನೊಂದು, ಅದನ್ನು ತುಂಬುವಾಗಲೇ ಸೇರಿಸಿರಲಿ, ಅದಕ್ಕೂ ಮೊದಲೇ ಸೇರಿಸಿರಲಿ. ‘ಮೊದಲೇ’ ಎಂಬುದನ್ನು ಹಲವರು ಕಾಲಸೂಚಕ ಅಲಂಕಾರವೆಂದು ದಾಟಿಬಿಡುತ್ತಾರೆ. ಆದರೆ ಅದು ಪರೀಕ್ಷೆಯನ್ನೇ ಬದಲಿಸಿತು: ಮೀನು ಎಣ್ಣೆಯಲ್ಲಿ ತೇಲಬೇಕಿಲ್ಲ, ಹೊರಗಿನ ಎಣ್ಣೆ ಯಾವ ಹಂತದಲ್ಲಾದರೂ ಒಳಸೇರಿ ಉಳಿದಿದ್ದರೆ ಸಾಕು. ಬಾಣಲೆಯಲ್ಲಿ ಹುರಿದು ತುಂಬಿದ ಮೀನಿನ ಪ್ರಶ್ನೆಯೂ ಇದರೊಳಗೆ ಬರುತ್ತದೆ. ಈಗಿನ ಪಟ್ಟಿಯ 16ನೆಯ ಅಧ್ಯಾಯದಲ್ಲೂ ಟಿಪ್ಪಣಿ ಉಳಿದುಕೊಂಡಿದೆ.

ಈ ಟಿಪ್ಪಣಿಯ ಭಾರ ಪೂರ್ತಿ ಕಂಡದ್ದು ಸ್ಟಾರ್‌ಕಿಸ್ಟ್ ಕಂಪನಿಯ ಟ್ಯೂನಾ ಸಲಾಡ್ ಮೊಕದ್ದಮೆಯಲ್ಲಿ. ಮೀನನ್ನು ಕತ್ತರಿಸಿ, ಎಣ್ಣೆಯಿದ್ದ ಮೇಯೊನೀಸ್ ಬಗೆಯ ಮಿಶ್ರಣದೊಂದಿಗೆ ಕಲಸಿ ಪೊಟ್ಟಣಕ್ಕೆ ತುಂಬಲಾಗಿತ್ತು. ಇದು ಕೊಚ್ಚಿದ ಮೀನು, ಆದ್ದರಿಂದ 1604.20 ಎಂಬ ಬೇರೆ ಉಪಶೀರ್ಷಿಕೆಗೆ ಸೇರಬೇಕು, ಅದಲ್ಲದಿದ್ದರೂ ಎಣ್ಣೆಯಲ್ಲಿರುವುದಂತೂ ಅಲ್ಲ ಎಂಬುದು ಆಮದುದಾರರ ವಾದ. ‘ಕೊಚ್ಚಿದ’ ಎಂಬ ವಾದಕ್ಕೆ ತುಣುಕುಗಳ ಗಾತ್ರವೇ ಅಡ್ಡಬಂತು. ಎಣ್ಣೆಯ ವಾದ ಅಷ್ಟು ಹಗುರವಲ್ಲ, ಏಕೆಂದರೆ ಮೇಯೊನೀಸನ್ನು ಯಾರೂ ಎಣ್ಣೆ ಎಂದು ಕರೆಯುವುದಿಲ್ಲ; ಆದರೂ ಟಿಪ್ಪಣಿ ‘ಎಣ್ಣೆ ಮತ್ತು ಇತರ ಪದಾರ್ಥ’ ಎಂದಿರುವಾಗ ಆಡುಮಾತಿಗೆ ಬೆಲೆಯಿಲ್ಲ. 2022ರ ಮಾರ್ಚ್‌ನಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವು ಸಲಾಡ್ ಪೊಟ್ಟಣಗಳನ್ನು ‘ಎಣ್ಣೆಯಲ್ಲಿರುವ’ ಟ್ಯೂನಾ ಎಂದೇ ಎತ್ತಿಹಿಡಿಯಿತು, ಸುಂಕ ಶೇ. 35.